ನಾವೆಲ್ಲ ಇದ್ದೇವಲ್ಲ ಟೀಚರ್

ಸಿಟ್ಟು ಬಂದಾಗ ನಾನು ಪಾತ್ರೆ ತಿಕ್ಕುತ್ತೇನೆ. ಗಂಡ ಮಲಗಿದಲ್ಲೇ ಆದ ಮೇಲೆ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಹಿಂದೆಂದೂ ಹೊಳೆದಿರಲಿಲ್ಲ. ಮನೆಗೆ ಬಂದವರು, "ಟೀಚರ್, ಇಷ್ಟೆಲ್ಲ ಕೆಲಸದ ಮಧ್ಯೆ ಎಷ್ಟು ಕ್ಲೀನ್ ಇಟ್ಟಿದ್ದೀರಿ" ಎನ್ನುತ್ತಾರೆ. ಅದು ನಿಮ್ಮ ಕೃಪೆ ಎಂದು ನಾನು ಅವರಿಗೆ ಹೇಳುವುದಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಮನೆ ಇರುವುದು ವಾಮದಪದವಿನ ಪೇಟೆಯಿಂದ ಸ್ವಲ್ಪ ಒಳಗೆ. ನಾನು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಮಗೆ ಮಕ್ಕಳಿಲ್ಲ. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಬಸ್ಸುಗಳ ಕಂಡಕ್ಟರುಗಳು ಒಟ್ಟಿಗೆ ಕೂಗುತ್ತಿದ್ದರೂ ಇವರ ದನಿ ಬೇರೆಯಾಗಿ ಕೇಳುತ್ತಿತ್ತು ಎಂದು ಈಗಲೂ ಜನ ಹೇಳುತ್ತಾರೆ. ಇಸ್ತ್ರಿ ಹಾಕದ ಅಂಗಿ ತೊಟ್ಟು ಅವರು ಅಂಗಳ ದಾಟಿದ್ದನ್ನು ನಾನು ನೋಡಿಲ್ಲ. ಗಡ್ಡ ಬೋಳಿಸದೆ ಹಾಲಿನವನಿಗೂ ಮುಖ ತೋರಿಸುತ್ತಿರಲಿಲ್ಲ. ಅಂಥವರಿಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ಹೋಯಿತು. ಎಲ್ಲವೂ ಅರ್ಥವಾಗುತ್ತದೆ, ಹೇಳಲು ಮಾತ್ರ ಬರುವುದಿಲ್ಲ. ಬೇಕು ಎಂದರೆ ಎಡಗೈಯಿಂದ ನನ್ನ ಕೈ ಒತ್ತುತ್ತಾರೆ, ಬೇಡ ಎಂದರೆ ಕಣ್ಣು ಗಟ್ಟಿಯಾಗಿ ಮುಚ್ಚುತ್ತಾರೆ.

ಇನ್ನೊಂದು ಉಂಟು. ಅವರಿಗೆ ಅಳು ಬರುತ್ತದೆ. ಈ ಕಾಯಿಲೆಯಲ್ಲಿ ಅಳು ಸುಮ್ಮಸುಮ್ಮನೆ ಬರುತ್ತದೆ, ಬೆಕ್ಕು ಕಂಡರೂ ಬರಬಹುದು, ಅದಕ್ಕೆ ದೊಡ್ಡ ಅರ್ಥ ಹುಡುಕಬೇಡಿ ಎಂದು ಮೂಡುಬಿದಿರೆಯ ಡಾಕ್ಟರು ಮೊದಲೇ ಹೇಳಿದ್ದರು. ಒಳಗಿನಿಂದ ದುಃಖವಾದರೆ ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಆ ವ್ಯತ್ಯಾಸ ನನಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಯಾರಿಗೂ ಇರಲಿಲ್ಲ.

ನಾವು ಕಥೊಲಿಕರು. ಒಂದು ಇಗರ್ಜಿಗೆ ಸೇರಿದ ಮನೆಗಳನ್ನು ಹದಿನೈದು, ಇಪ್ಪತ್ತರಂತೆ ಗುಂಪು ಮಾಡಿರುತ್ತಾರೆ. ಒಂದೊಂದು ಗುಂಪಿಗೆ ವಾಳೆ ಎನ್ನುತ್ತೇವೆ, ವಾಳೆಗೊಬ್ಬ ಮುಂದಾಳು, ಅವನೇ ಗುರಿಕಾರ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಜಪಸರ, ಶುಭಸಂದೇಶದ ಒಂದು ವಾಚನ, ಅದರಿಂದ ನಮ್ಮ ನಮ್ಮ ಮನಸ್ಸಿಗೆ ತಟ್ಟಿದ್ದನ್ನು ಹೇಳುವುದು, ಕೊನೆಗೆ ಈ ತಿಂಗಳು ನಾವೆಲ್ಲ ಸೇರಿ ಏನು ಮಾಡುವ ಎಂಬ ಒಂದು ನಿರ್ಧಾರ, ಆಮೇಲೆ ಚಹಾ. ನಂಬಿಕೆಯ ಬದುಕು ಒಬ್ಬೊಬ್ಬರೇ ಬದುಕುವುದಲ್ಲ, ಕೈಹಿಡಿದು ಒಟ್ಟಿಗೆ ಬದುಕುವುದು ಎಂಬುದು ಇದರ ಉದ್ದೇಶ. ಉದ್ದೇಶದ ಜೊತೆ ನನಗೆ ಜಗಳವಿಲ್ಲ. ನಾನೂ ಎಷ್ಟೋ ವರ್ಷ ಆ ಕೂಟಗಳಲ್ಲಿ ಹಾಡಿದವಳು.

ನಮ್ಮ ಗುರಿಕಾರರು ಕುವೈಟಿನಲ್ಲಿ ದುಡಿದು ಬಂದವರು, ಈಗ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು, ಮುಖಕ್ಕೆ ಬಾಗಿಲು ಹಾಕಬಹುದಿತ್ತು. ಅವರಿಗೆ ಎಲ್ಲದರಲ್ಲೂ ಉತ್ಸಾಹ. ಇಗರ್ಜಿಯ ವಾರ್ಷಿಕ ಹಬ್ಬದ ದಿನ ಉತ್ತಮ ವಾಳೆಗೆ ಒಂದು ಶೀಲ್ಡ್ ಕೊಡುತ್ತಾರೆ. ಆದಿತ್ಯವಾರ ಬೆಳಿಗ್ಗೆ ಇಗರ್ಜಿಯಲ್ಲಿ ಎರಡು ಪೂಜೆ, ಅದರಲ್ಲಿ ಎರಡನೆಯದಕ್ಕೆ ಯಾವ ವಾಳೆಯವರು ಎಷ್ಟು ಬಂದರು, ತಮ್ಮ ಸರದಿಯ ಆದಿತ್ಯವಾರ ಹಾಡು, ವಾಚನ, ಕಾಣಿಕೆ ಮೆರವಣಿಗೆಯನ್ನು ಹೇಗೆ ನಡೆಸಿದರು ಎಂದೆಲ್ಲ ನೋಡಿ ಅಂಕ ಹಾಕುತ್ತಾರೆ. ದೇವರ ಮನೆಯಲ್ಲಿ ಸ್ಪೋರ್ಟ್ಸ್ ಡೇ. ಆ ಶೀಲ್ಡ್ ನಮ್ಮ ವಾಳೆಗೆ ಯಾವತ್ತೂ ಬಂದಿರಲಿಲ್ಲ, ಗುರಿಕಾರರಿಗೆ ಅದರದ್ದೇ ಧ್ಯಾನ.

ಗಂಡ ಬಿದ್ದ ಹೊಸತರಲ್ಲಿ ವಾಳೆಯವರೆಲ್ಲ ಬಂದರು. ಆಪಲ್ ತಂದರು, ಹಾರ್ಲಿಕ್ಸ್ ತಂದರು, ಗ್ಲೂಕೋಸ್ ಬಿಸ್ಕೆಟ್ ತಂದರು. ನುಂಗಲು ಕಷ್ಟವಾಗುವ ಮನುಷ್ಯನ ಮನೆಗೆ ಅಷ್ಟೊಂದು ಆಪಲ್ ಏಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಮಂಚದ ಸುತ್ತ ನಿಂತು ಪ್ರಾರ್ಥನೆ ಮಾಡಿದರು. ನಾನು ಎಲ್ಲರಿಗೂ ಚಹಾ ಮಾಡಿದೆ. ಹೊರಡುವಾಗ ಒಬ್ಬೊಬ್ಬರೂ ನನ್ನ ಕೈಹಿಡಿದು ಒಂದೇ ಮಾತು ಹೇಳಿದರು: "ಎಂತದೂ ಚಿಂತೆ ಮಾಡ್ಬೇಡಿ. ನಾವೆಲ್ಲ ಇದ್ದೇವಲ್ಲ ಟೀಚರ್."

ಇದ್ದರು, ಸುಳ್ಳಲ್ಲ. ಅವರವರ ಮನೆಯಲ್ಲಿ ಇದ್ದರು.

ಮಲಗಿದವರನ್ನು ನೋಡಿಕೊಳ್ಳುವ ಕೆಲಸಕ್ಕೆ ರಜೆ ಎಂಬುದಿಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು, ಗಂಜಿಯನ್ನು ಚಮಚದಲ್ಲಿ ಕೊಡಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಗಂಟಲಿಗೆ ಸಿಕ್ಕಿಕೊಂಡರೆ ತಕ್ಷಣ ಎಬ್ಬಿಸಿ ಕೂರಿಸಬೇಕು. ಅರ್ಧ ಗಂಟೆ ಬಿಟ್ಟು ಹೋಗುವಂತಿಲ್ಲ. ರೇಷನ್ನಿಗೋ ಬ್ಯಾಂಕಿಗೋ ಹೋಗುವುದಿದ್ದರೆ ಪಕ್ಕದ ಬ್ಯಾರಿಗಳ, ಅಂದರೆ ನಮ್ಮ ಕಡೆಯ ಮುಸ್ಲಿಮರ, ಮನೆಯ ಅಕ್ಕ ಬಂದು ಕೂರುತ್ತಿದ್ದರು. ಕೇಳಿದ್ದರೆ ಆದಿತ್ಯವಾರವೂ ಕೂರುತ್ತಿದ್ದರು. ನಾನು ಕೇಳಲಿಲ್ಲ. ಒಟ್ಟಿಗೆ ಬದುಕುವ ಎಂದು ತಿಂಗಳು ತಿಂಗಳು ನಿರ್ಧಾರ ಮಾಡುವ ಮನೆಗಳು ಇಷ್ಟಿರುವಾಗ ನಾನು ಪೂಜೆಗೆ ಹೋಗಲು ಆ ಅಕ್ಕನೇ ಬರಬೇಕೇ ಎಂಬ ಹಟ ನನ್ನದು. ನನ್ನ ಹಟದಿಂದ ನನಗೇ ನಷ್ಟ ಎಂದು ಗೊತ್ತಿತ್ತು. ಆದರೂ ಕೇಳಲಿಲ್ಲ.

ಹಾಗಾಗಿ ನಾನು ಇಗರ್ಜಿಗೆ ಹೋಗದೆ ಒಂದು ಮಳೆಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಫಾದರ್ ತಿಂಗಳಿಗೊಮ್ಮೆ ಮನೆಗೆ ಪರಮಪ್ರಸಾದ ತರುತ್ತಿದ್ದರು, ಇಬ್ಬರಿಗೂ ಕೊಡುತ್ತಿದ್ದರು. ಟಿ.ವಿ.ಯಲ್ಲಿ ಪೂಜೆ ಬರುತ್ತದೆ ಎಂದು ಕೆಲವರು ಹೇಳಿದರು. ನನಗೆ ಬೇಕಾಗಿದ್ದದ್ದು ಜನ. ಹಿಂದಿನ ಬೆಂಚಿನಲ್ಲಿ ರಾಗ ತಪ್ಪಿ ಹಾಡುವವರು ಬೇಕಾಗಿತ್ತು, ಪ್ರವಚನದ ನಡುವೆ ಅಳುವ ಮಗು ಬೇಕಾಗಿತ್ತು, ಶಾಂತಿ ಹೇಳುವಾಗ ಕೈಜೋಡಿಸಿ ತಿರುಗಿದರೆ ಎದುರು ಒಂದು ಮುಖ ಬೇಕಾಗಿತ್ತು. ವಾರಪೂರ್ತಿ ಮಾತಾಡದ ಒಬ್ಬ ಮನುಷ್ಯನ ಜೊತೆ ಮಾತಾಡಿ ಮಾತಾಡಿ ನನ್ನ ದನಿಯೇ ನನಗೆ ಬೇಸರ ಬಂದಿತ್ತು. ಆ ಒಂದೂವರೆ ಗಂಟೆ ಸಿಗದಿದ್ದರೆ ನಾನು ಈ ಮನುಷ್ಯನ ಮೇಲೇ ಕೈ ಎತ್ತಿಬಿಡುತ್ತೇನೋ ಎಂಬ ಹೆದರಿಕೆ ಒಳಗೊಳಗೇ ಇತ್ತು. ಒಮ್ಮೆ ಗಂಜಿಯ ಚಮಚವನ್ನು ಗೋಡೆಗೆ ಎಸೆದಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಮಲಗಿದ್ದರು.

ಆಗ ಶುರುವಾಯಿತು ಪ್ರೋತ್ಸಾಹ. ಒಬ್ಬೊಬ್ಬರಾಗಿ ಬಂದು, "ಟೀಚರ್, ಪೂಜೆಯಲ್ಲಿ ಕಾಣುವುದೇ ಇಲ್ವಲ್ಲ" ಎನ್ನತೊಡಗಿದರು. ನಾನು ಮಂಚದ ಕಡೆ ಕೈ ತೋರಿಸಿದೆ. "ಹೌದೌದು, ಕಷ್ಟ ಉಂಟು. ಆದ್ರೆ ದೇವರಿಗೆ ಸಮಯ ಕೊಟ್ರೆ ದೇವರು ನಮಗೆ ಸಮಯ ಕೊಡ್ತಾರೆ" ಎಂದು ಒಬ್ಬರು ಉಪದೇಶ ಮಾಡಿ, ಚಹಾ ಕುಡಿದು, ಬಸ್ಸಿಗೆ ತಡವಾಯಿತೆಂದು ಹೋದರು. ದೇವರಿಗೆ ಸಮಯ ಕೊಡು ಎನ್ನುವವರಿಗೆ ನನಗೆ ಕೊಡಲು ಸಮಯವಿರಲಿಲ್ಲ. ಆವತ್ತು ದೊಡ್ಡ ಚೆಂಬು ತಿಕ್ಕಿದೆ.

ಒಂದು ತಿಂಗಳ ಕೂಟವನ್ನು ನನ್ನ ಅನುಕೂಲಕ್ಕೆಂದು ನಮ್ಮ ಮನೆಯಲ್ಲೇ ಇಟ್ಟರು. ಅವತ್ತಿನ ವಾಚನ ಪಾರ್ಶ್ವವಾಯು ಹೊಡೆದವನದ್ದು. ಅವನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತರುತ್ತಾರೆ, ಜನಸಂದಣಿಯಲ್ಲಿ ದಾರಿ ಸಿಗದೆ ಮನೆಯ ಮಾಡನ್ನೇ ಬಿಚ್ಚಿ ಮೇಲಿನಿಂದ ಯೇಸುವಿನ ಎದುರು ಇಳಿಸುತ್ತಾರೆ. ಬೇಕೆಂದೇ ಆರಿಸಿದ್ದೋ, ಅಂದಿನ ಪಾಠವೇ ಅದಾಗಿತ್ತೋ ಗೊತ್ತಿಲ್ಲ. ವಾಚನ ಮುಗಿದದ್ದೇ ಗುರಿಕಾರರ ಮುಖ ಅರಳಿತು.

"ದೇವರು ನಮ್ಮತ್ರ ಮಾತಾಡ್ತಾ ಇದ್ದಾರೆ. ಆ ನಾಲ್ಕು ಜನ ಯಾರು? ನಾವೇ ಅಲ್ವಾ? ಮುಂದಿನ ತಿಂಗಳು ನಮ್ಮ ವಾಳೆಯ ಸರದಿಯ ಪೂಜೆ ಉಂಟು. ನಾವು ಇವರನ್ನು ಕುರ್ಚಿಯಲ್ಲಿ ಕೂರಿಸಿ ಇಗರ್ಜಿಗೆ ಕರ್ಕೊಂಡು ಹೋಗುವ. ಟೀಚರೂ ಬಂದ ಹಾಗೆ ಆಗ್ತದೆ. ಒಂದು ಮನೆಯೂ ಬಾಕಿ ಇಲ್ಲದೆ ನಮ್ಮ ವಾಳೆ ಇಡೀ ಇರ್ತದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಆಡುವುದು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಹಾಕುತ್ತಿದ್ದೇನೆ, ನಾನು ಕೊಂಕಣಿಯಲ್ಲಿ ಹೇಳಿದ್ದು ಇನ್ನಷ್ಟು ಖಾರವಾಗಿತ್ತು ಎಂದು ಓದುವವರು ತಿಳಿದುಕೊಳ್ಳಬೇಕು.

"ಅವರಿಗೆ ಜನರ ಎದುರು ಬರ್ಲಿಕ್ಕೆ ಇಷ್ಟ ಇಲ್ಲ" ಎಂದೆ. "ಅವರನ್ನು ಕೇಳಿ ನೋಡಿ. ಕಣ್ಣು ಮುಚ್ಚಿದ್ರೆ ಬೇಡ ಅಂತ ಅರ್ಥ."

ಗುರಿಕಾರರು ಮಂಚದ ಹತ್ತಿರ ಬಗ್ಗಿ, ಕಿವುಡರೊಡನೆ ಮಾತಾಡುವ ಹಾಗೆ ಗಟ್ಟಿಯಾಗಿ ಕೇಳಿದರು: "ನಾವು ಪೂಜೆಗೆ ಹೋಗುವನಾ?"

ಗಂಡ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ನೋಡಿ, ಅವರಿಗೆ ಎಷ್ಟು ಆಸೆ ಉಂಟು" ಎಂದು ಯಾರೋ ಹೇಳಿದರು. ಇನ್ನಿಬ್ಬರು ಕಣ್ಣೊರೆಸಿಕೊಂಡರು. ನಾನು ಬೇಡ ಎಂದು ಮತ್ತೆ ಹೇಳಿದೆ, ಇನ್ನೊಮ್ಮೆ ಹೇಳಿದೆ. ಗುರಿಕಾರರು ನಕ್ಕು, "ನಿಮಗೆ ಕೆಲಸ ಆಗ್ತದೆ ಅಂತ ಸಂಕೋಚ ಬೇಡ. ನಾವೆಲ್ಲ ಇದ್ದೇವಲ್ಲ ಟೀಚರ್" ಎಂದರು. ನನ್ನ ಬೇಡವನ್ನು ಅವರು ಸಂಕೋಚ ಮಾಡಿದರು, ಗಂಡನ ಬೇಡವನ್ನು ಆಸೆ ಮಾಡಿದರು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಬೇಡ ಎಂಬ ಒಂದು ಶಬ್ದವನ್ನು ದೊಡ್ಡವರಿಗೆ ಅರ್ಥ ಮಾಡಿಸಲು ಆಗಲಿಲ್ಲ.

ಆ ಆದಿತ್ಯವಾರ ಅವರು ಬಂದೇಬಿಟ್ಟರು. ಒಂದು ಓಮ್ನಿ, ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಎರಡೂ ಬದಿಗೆ ಬಿಗಿದ ಅಡಿಕೆ ಮರದ ಸಲಾಕೆಗಳು. ನಾಲ್ವರು ಗಂಡಸರು ಒಂದೇ ಬಣ್ಣದ ಅಂಗಿ ಹಾಕಿದ್ದರು. ನಾನು ಬಾಗಿಲಲ್ಲೇ ನಿಂತು, ಬೇಡ ಅಂತ ಹೇಳಿದ್ದೆನಲ್ಲ ಎಂದೆ. "ಪೂಜೆಗೆ ತಡ ಆಗ್ತದೆ ಟೀಚರ್, ನೀವು ಸೀರೆ ಉಟ್ಟು ಬನ್ನಿ" ಎಂದು ನನ್ನ ಪಕ್ಕದಿಂದಲೇ ಒಳಗೆ ನುಗ್ಗಿದರು. ಗಂಡನ ಗಡ್ಡ ಬೋಳಿಸಿರಲಿಲ್ಲ. ಮೈಮೇಲೆ ಬನಿಯನ್ನು, ಲುಂಗಿ. ಇಸ್ತ್ರಿಯ ಅಂಗಿಯನ್ನಾದರೂ ತೊಡಿಸುವ ಎಂದು ನಾನು ಕಪಾಟಿನ ಕಡೆ ಓಡಿ ಬರುವಷ್ಟರಲ್ಲಿ ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಬೆಡ್‌ಶೀಟಿನಿಂದ ಎದೆಗೆ ಕಟ್ಟಿಯೂ ಆಗಿತ್ತು. ಅಂಗಿಯನ್ನು ಹೆಗಲ ಮೇಲೆ ಹೊದೆಸಿದೆ. ಅಂಗಳದಲ್ಲಿ ಯಾರೋ ಹಾಡು ಎತ್ತಿದರು, ಎಲ್ಲರೂ ಸೇರಿಕೊಂಡರು. ನಾನು ಮನೆಯಲ್ಲಿ ಉಡುವ ಸೀರೆಯಲ್ಲೇ ಓಮ್ನಿಯ ಹಿಂದಿನ ಸೀಟಿನಲ್ಲಿ ತೂರಿಕೊಂಡು ಗಂಡನ ತಲೆ ಹಿಡಿದುಕೊಂಡೆ.

ಇಗರ್ಜಿಯ ಮೆಟ್ಟಿಲ ಬಳಿ ಮತ್ತೆ ಎತ್ತಿದರು. ನಡುವಿನ ದಾರಿಯಲ್ಲಿ ನಾಲ್ವರು ಹೊತ್ತು ನಡೆದರು, ಹಿಂದಿನಿಂದ ನಾನು. ಎಲ್ಲರೂ ತಿರುಗಿ ನೋಡಿದರು. ಮುಂದಿನ ಬೆಂಚಿಗಿಂತಲೂ ಮುಂದೆ, ಪೀಠದ ಮೆಟ್ಟಿಲ ಪಕ್ಕ, ಇಡೀ ಇಗರ್ಜಿಗೆ ಕಾಣುವ ಹಾಗೆ ಕುರ್ಚಿ ಇಟ್ಟರು. ಆಗ ನಾನು ನೋಡಿದ್ದು. ಎತ್ತುವಾಗ ಅಡ್ಡ ಬಂತೆಂದು ಯಾರೋ ಮೂತ್ರದ ಚೀಲವನ್ನು ತೆಗೆದು ಅವರ ಮಡಿಲ ಮೇಲೆ ಇಟ್ಟಿದ್ದರು. ಅದು ತುಂಬಿತ್ತು. ಒಂದು ಹ್ಯಾಂಡ್‌ಬ್ಯಾಗಿನ ಹಾಗೆ ಅವರ ತೊಡೆಯ ಮೇಲೆ ಕೂತಿತ್ತು.

ಆ ಚೀಲ ಸೊಂಟಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹೋಗಿ ಜ್ವರ ಬರುತ್ತದೆ. ಅದು ಡಾಕ್ಟರ ಮಾತು. ನನಗೆ ಆ ಗಳಿಗೆಯಲ್ಲಿ ಡಾಕ್ಟರ ಮಾತು ನೆನಪಾಗಲಿಲ್ಲ. ಹಾಲಿನವನಿಗೂ ಗಡ್ಡದ ಮುಖ ತೋರಿಸದ ಮನುಷ್ಯನನ್ನು ಹೀಗೆ ತಂದು ಇಟ್ಟರಲ್ಲ ಎಂಬುದೊಂದೇ ತಲೆಯಲ್ಲಿತ್ತು. ಗಂಡ ಅಳುತ್ತಿದ್ದರು. ಎಡಗೈಯಿಂದ ಆ ಚೀಲವನ್ನು ಅಂಗಿಯ ತುದಿಯಿಂದ ಮುಚ್ಚಲು ನೋಡುತ್ತಿದ್ದರು. ತಲೆಯನ್ನು ಗೋಡೆಯ ಕಡೆ ತಿರುಗಿಸಲು ಪ್ರಯತ್ನಿಸುತ್ತಿದ್ದರು, ಅಲ್ಲಿ ಗೋಡೆ ಇರಲಿಲ್ಲ.

ಫಾದರ್ ಪ್ರವಚನದಲ್ಲಿ ನಮ್ಮ ವಾಳೆಯನ್ನು ಹೊಗಳಿದರು. ಓದಿದ್ದನ್ನು ಬದುಕಿ ತೋರಿಸಿದ್ದಾರೆ, ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಹೊತ್ತಿದ್ದಾರೆ ಎಂದರು. ಆ ಕಣ್ಣೀರು ಕೃಪೆಯ ಕಣ್ಣೀರು ಎಂದರು. ಇಗರ್ಜಿಯಲ್ಲಿ ಚಪ್ಪಾಳೆ ಬಿತ್ತು. ಅದರ ಮಧ್ಯದಲ್ಲೇ ನಾನು ಎದ್ದು ಹೋಗಿ ನೆಲದ ಮೇಲೆ ಕೂತು ಚೀಲವನ್ನು ಕುರ್ಚಿಯ ಕಾಲಿಗೆ ಕಟ್ಟಿದೆ. ಪೂಜೆ ಮುಗಿಯುವವರೆಗೆ ಅದಕ್ಕೆ ಅಡ್ಡವಾಗಿ ಅಲ್ಲೇ ಕೂತೆ. ಒಂದು ಹಾಡೂ ಹಾಡಲಿಲ್ಲ. ಮನೆಗೆ ಬಂದು ಮೊಬೈಲು ನೋಡಿದರೆ ವಾಳೆಯ ಗ್ರೂಪಿನಲ್ಲಿ ಫೋಟೋ ಬಂದಿತ್ತು. ಕುರ್ಚಿ, ನಾಲ್ವರು, ಅಳುವ ನನ್ನ ಗಂಡ, ಅವರ ಮಡಿಲ ಮೇಲೆ ಆ ಚೀಲ. ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಎರಡು ದಿನದಲ್ಲಿ ಜ್ವರ ಬಂತು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಒಂದು ವಾರ ಇದ್ದೆವು. ನಾಲ್ವರಲ್ಲಿ ಇಬ್ಬರು ಬಂದು ನೋಡಿಕೊಂಡು ಹೋದರು. ಆಪಲ್ ತಂದಿದ್ದರು.

ವಾರ್ಷಿಕ ಹಬ್ಬದಲ್ಲಿ ಶೀಲ್ಡ್ ನಮ್ಮ ವಾಳೆಗೇ ಬಂತು. ಆ ತಿಂಗಳ ಕೂಟ ಗುರಿಕಾರರ ಮನೆಯಲ್ಲಿ ಎಂದು ಗೊತ್ತಾದಾಗ ನಾನು ಬ್ಯಾರಿಗಳ ಮನೆಯ ಅಕ್ಕನ ಹತ್ತಿರ ಹೋಗಿ, ಸಂಜೆ ಸ್ವಲ್ಪ ಹೊತ್ತು ಕೂರುತ್ತೀರಾ ಎಂದು ಕೇಳಿದೆ. ಪೂಜೆಗಾಗಿ ಕೇಳದವಳು ಜಗಳಕ್ಕಾಗಿ ಕೇಳಿದೆ. "ಹೋಗಿ ಬನ್ನಿ ಬಾಯಮ್ಮ, ನಾನು ಉಂಟಲ್ಲ" ಎಂದು ಅವರು ಬಂದು ಕೂತರು. ಅವರ ಬಾಯಲ್ಲಿ ಆ ಮಾತಿಗೆ ತೂಕವಿತ್ತು, ಏಕೆಂದರೆ ಅವರು ನಿಜವಾಗಿ ಅಲ್ಲಿದ್ದರು.

ಗುರಿಕಾರರ ಮನೆಯ ಹಾಲ್‌ನಲ್ಲಿ ಶೀಲ್ಡನ್ನು ಟಿ.ವಿ.ಯ ಮೇಲ್ಗಡೆ ಇಟ್ಟು ಹೂವಿನ ಹಾರ ಹಾಕಿದ್ದರು. ವಾಚನವೆಲ್ಲ ಮುಗಿದ ಮೇಲೆ ಅವರು ಎದ್ದು, "ಈ ಶೀಲ್ಡ್ ಬರ್ಲಿಕ್ಕೆ ಕಾರಣ ಯಾರು ಅಂತ ಎಲ್ಲರಿಗೂ ಗೊತ್ತುಂಟು. ಟೀಚರ್ ಎರಡು ಮಾತು ಹೇಳ್ಬೇಕು" ಎಂದರು.

ನಾನು ಎದ್ದು ನಿಂತೆ.

"ನನ್ನ ಗಂಡ ಅಲ್ಲಿ ಅತ್ತದ್ದು ಕೃಪೆಯಿಂದ ಅಲ್ಲ" ಎಂದೆ. "ಅವರ ಮೂತ್ರದ ಚೀಲವನ್ನು ನೀವು ಇಡೀ ಇಗರ್ಜಿಗೆ ತೋರಿಸಿದಿರಿ, ಆ ನಾಚಿಕೆಗೆ ಅತ್ತದ್ದು. ಬೇಡ ಅಂತ ಅವರೂ ಹೇಳಿದ್ರು, ನಾನೂ ಹೇಳಿದೆ. ನಿಮಗೆ ಕೇಳ್ಲಿಲ್ಲ. ಆ ಕಥೆಯಲ್ಲಿ ನಾಲ್ಕು ಜನ ಹೊತ್ತದ್ದು ಅವನು ಗುಣ ಆಗ್ಬೇಕು ಅಂತ. ನೀವು ಹೊತ್ತದ್ದು ಅದಕ್ಕೆ." ಶೀಲ್ಡಿನ ಕಡೆ ಕೈ ತೋರಿಸಿದೆ. "ನನಗೆ ನಾಲ್ಕು ಜನ ಬೇಡ. ಒಬ್ಬರು ಸಾಕು. ಬೆಳಿಗ್ಗೆ ಬೇಗದ ಪೂಜೆಗೆ ಹೋದವರು ಎರಡನೆಯ ಪೂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಕೂತ್ರೆ ನಾನು ಇಗರ್ಜಿಗೆ ಹೋಗಿ ಬರ್ತೇನೆ. ಇಷ್ಟು ಮನೆ ಉಂಟು. ಒಂದೊಂದು ಮನೆಗೆ ವರ್ಷದಲ್ಲಿ ಮೂರು ಸರ್ತಿ ಬರ್ಬಹುದು. ಇದನ್ನು ಯಾರಿಗೂ ದೇವರು ಹೇಳ್ಲಿಲ್ವಾ?"

ಗುರಿಕಾರರ ಮುಖ ಸಣ್ಣದಾಗಿತ್ತು. ಅವರು, "ಅದು ಸರಿ ಟೀಚರ್. ಆದ್ರೆ ಹಾಜರಿ ಹಾಕುವುದು ಎರಡನೆಯ ಪೂಜೆಯಲ್ಲಿ ಅಲ್ವಾ" ಎಂದರು.

ಇದನ್ನು ಅವರು ತಮಾಷೆಗೆ ಹೇಳಿದ್ದಲ್ಲ. ನಿಜವಾದ ತೊಡಕು ಎಂದೇ ಹೇಳಿದ್ದು. ಕೆಲವರು ತಲೆಯನ್ನೂ ಆಡಿಸಿದರು. ಗುರಿಕಾರರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದವರು ಟ್ರೇಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದರು. ಕೊನೆಗೆ ಆ ತಿಂಗಳ ನಿರ್ಧಾರ ಏನೆಂದರೆ, ನನ್ನ ಮನಸ್ಸಿಗೆ ಶಾಂತಿ ಸಿಗಲೆಂದು ಎಲ್ಲ ಮನೆಗಳಲ್ಲೂ ಒಂದು ಜಪಸರ ಹೆಚ್ಚು ಹೇಳುವುದು. ನಾನು ಚಹಾ ಕುಡಿಯದೆ ಬಂದೆ. ಬ್ಯಾರಿಗಳ ಮನೆಯ ಅಕ್ಕ ನನ್ನ ಮುಖ ನೋಡಿ ತಮ್ಮ ಮನೆಗೆ ಹೊರಟರು. ಮನೆಯಲ್ಲಿ ತಿಕ್ಕಲು ಪಾತ್ರೆ ಉಳಿದಿರಲಿಲ್ಲ, ತೊಳೆದದ್ದನ್ನೇ ಇಳಿಸಿ ತಿಕ್ಕಿದೆ.

ಮೂರು ಆದಿತ್ಯವಾರ ಯಾರೂ ಬರಲಿಲ್ಲ. ನಾಲ್ಕನೆಯದರಂದು ಬೆಳಿಗ್ಗೆ ಗೇಟು ಸದ್ದಾಯಿತು. ಗುರಿಕಾರರ ಹೆಂಡತಿ. ಪೂಜೆಯ ಸೀರೆಯಲ್ಲಿದ್ದರು, ಬೇಗದ ಪೂಜೆ ಮುಗಿಸಿ ಸೀದಾ ಬಂದಿದ್ದರು. ಇವರು ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ಮಾತು ಜೋರು, ನನಗೂ ಅವರಿಗೂ ಎಂದೂ ಅಷ್ಟಕ್ಕಷ್ಟೆ. ಚಪ್ಪಲಿ ಕಳಚುತ್ತಾ ಶುರು ಮಾಡಿದರು.

"ನನಗೆ ನಿಮ್ಮ ಮೇಲೆ ಸಿಟ್ಟುಂಟು, ಅದು ಮೊದಲೇ ಹೇಳ್ತೇನೆ. ನನ್ನ ಮನೆಯಲ್ಲಿ, ನನ್ನ ಚಹಾಕ್ಕೆ ಮೊದಲು, ಎಲ್ಲರ ಎದುರು ನನ್ನ ಗಂಡನ ಮರ್ಯಾದೆ ತೆಗೆದಿರಿ. ಅವರು ಆಮೇಲೆ ಸರಿಯಾಗಿ ಊಟ ಮಾಡ್ಲಿಲ್ಲ."

"ನನ್ನ ಗಂಡನ ಮರ್ಯಾದೆ?" ಎಂದೆ.

"ಅದೂ ಹೋಯ್ತು. ಹಾಗಾಗಿಯೇ ಬಂದದ್ದು. ನೀವು ಹೇಳಿದ ರೀತಿ ಸರಿ ಅಂತ ಅಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಗಂಜಿ ಕೊಟ್ಟಾಯ್ತಾ? ಯಾವ ಮಗ್ಗುಲಿಗೆ ಹಾಕ್ಬೇಕು? ಬೇಗ ಹೇಳಿ ಹೋಗಿ, ಎರಡನೆಯ ಪೂಜೆಯ ಗಂಟೆ ಈಗ ಹೊಡಿತದೆ."

ನಾನು ಗಂಡನ ಕಡೆ ನೋಡಿದೆ. ಇವರು ಕೂರಬಹುದಾ ಎಂದು ಕೇಳಿದೆ. ಎಡಗೈ ನನ್ನ ಕೈ ಒತ್ತಿತು. ಜೋರಾಗಿಯೇ ಒತ್ತಿತು, ಹೋಗು ಮಾರಾಯ್ತಿ ಎನ್ನುವ ಹಾಗೆ.

ಇಗರ್ಜಿಯಲ್ಲಿ ನನಗೆ ಭಕ್ತಿ ಬರಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಎರಡು ಬೆಂಚು ಮುಂದೆ ಗುರಿಕಾರರು ಒಬ್ಬರೇ ಕೂತಿದ್ದರು. ಅವರ ವಾಳೆಯ ಹಾಜರಿಯಲ್ಲಿ ಒಬ್ಬರು ಕಮ್ಮಿ, ಅದೂ ಅವರದೇ ಮನೆಯಿಂದ. ಶಾಂತಿ ಹೇಳುವಾಗ ಅವರು ತಿರುಗಿ ನನ್ನನ್ನು ಕಂಡು ಕೈಮುಗಿದರು. ನಾನೂ ಮುಗಿದೆ. ಇಬ್ಬರೂ ನಗಲಿಲ್ಲ. ಆಮೇಲಿನ ಹಾಡು ಬಂದಾಗ ಹಾಡಿದೆ. ಅಷ್ಟು ತಿಂಗಳು ಹಾಡದ ಗಂಟಲು ಕರಕರ ಎಂದಿತು. ಹಿಂದಿನ ಬೆಂಚಿನವರು ಎಂದಿನಂತೆ ರಾಗ ತಪ್ಪಿದರು, ನನಗೆ ಅಲ್ಲೇ ಅಳು ಬಂತು.

ಮನೆಗೆ ಬಂದಾಗ ಆ ಹೆಂಗಸು ಮಂಚದ ಕಾಲಬದಿಯಲ್ಲಿ ಕೂತಿದ್ದರು. ಬೆಡ್‌ಶೀಟು ಬದಲಿಸಿದ್ದರು, ಗಂಡನ ಗಡ್ಡ ಬೋಳಿಸಿದ್ದರು. ಅದಕ್ಕೆ ಅವರ ಒಪ್ಪಿಗೆ ಹೇಗೆ ಪಡೆದರೋ ತಿಳಿಯದು. ನಾನು ಉಪಕಾರದ ಮಾತು ಹೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಇಲ್ಲಿ ನೋಡಿ" ಎಂದು ಗಂಡನ ಬಲಗಾಲನ್ನು ಮೆಲ್ಲಗೆ ಎತ್ತಿ ಹಿಮ್ಮಡಿ ತೋರಿಸಿದರು. ಅಲ್ಲಿ ಒಂದು ರೂಪಾಯಿಯಷ್ಟು ಅಗಲ ಕಪ್ಪಾಗಿತ್ತು, ನಡುವೆ ಚರ್ಮ ಬಿಟ್ಟಿತ್ತು. "ಹಾಸಿಗೆ ಹುಣ್ಣು ಆಗ್ತಾ ಉಂಟು. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಬೆನ್ನು ನೋಡುತ್ತಿದ್ದೆ, ಸೊಂಟ ನೋಡುತ್ತಿದ್ದೆ, ದಿನಾ ಪೌಡರ್ ಹಾಕುತ್ತಿದ್ದೆ. ಆ ಕಾಲನ್ನು ದಿನಾ ಒರೆಸುತ್ತಿದ್ದೆ, ಆದರೂ ಹಿಮ್ಮಡಿಯನ್ನು ನೋಡಿರಲಿಲ್ಲ. ಅವರಿಗೆ ಆ ಕಾಲಿನಲ್ಲಿ ನೋವು ತಿಳಿಯುವುದಿಲ್ಲ, ತಿಳಿದರೂ ಹೇಳಲಾರರು. ನನಗೆ ಉರಿದುಹೋಯಿತು. ಮೊದಲನೆಯ ದಿನವೇ ಬಂದು ನನ್ನ ಮನೆಯಲ್ಲಿ ನನ್ನ ಗಂಡನ ಕಾಲು ಎತ್ತಿ ತೋರಿಸುತ್ತಾಳಲ್ಲ ಎಂದು ಸಿಟ್ಟು ಬಂತು. ನನ್ನ ಕಣ್ಣು ಸೋತಿದೆ, ಒಬ್ಬಳೇ ನೋಡಿ ನೋಡಿ ಇದ್ದದ್ದೂ ಕಾಣದಂತಾಗಿದೆ ಎಂದು ಅದಕ್ಕಿಂತ ದೊಡ್ಡ ಸಿಟ್ಟು ಬಂತು. ಇನ್ನೂ ನಾಲ್ಕು ವಾರ ಯಾರೂ ಬರದೆ ಹೋಗಿದ್ದರೆ ಆ ಕಾಲಿನ ಗತಿ ಏನಾಗುತ್ತಿತ್ತು? ವಾಳೆಯವರು ಆಮೇಲೆ ಅದಕ್ಕೂ ಒಂದು ಜಪಸರ ಹೇಳುತ್ತಿದ್ದರು.

ನಾನು ಮಂಚದ ಅಂಚಿನಲ್ಲಿ ಕೂತೆ. ಅವರು ಒಂದು ದಿಂಬನ್ನು ಮಡಚಿ ಮೀನಖಂಡದ ಕೆಳಗಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರು. ಮೂಡುಬಿದಿರೆಗೆ ಫೋನು ಮಾಡಿ ಡಾಕ್ಟರನ್ನು ಕೇಳಿ ಎಂದರು. ಆಮೇಲೆ ಸೆರಗು ಬಿಚ್ಚಿ ಸರಿಮಾಡಿಕೊಂಡು ಚಪ್ಪಲಿ ಹಾಕಿದರು. ನಾನು ಚಹಾ ಮಾಡುತ್ತೇನೆ ಎಂದೆ.

"ಬೇಡ. ನನಗೆ ಇನ್ನೂ ನಿಮ್ಮ ಮೇಲೆ ಸಿಟ್ಟುಂಟು" ಎಂದರು. "ಮುಂದಿನ ಆದಿತ್ಯವಾರ ಬರ್ತೇನೆ. ಗಂಜಿ ನಾನೇ ಕೊಡ್ತೇನೆ, ನೀವು ಸ್ವಲ್ಪ ಬೇಗ ಹೊರಡಿ. ಬೇರೆ ಯಾರಾದ್ರೂ ಬರ್ತಾರಾ ಅಂತ ನಾನೂ ನೋಡ್ತೇನೆ, ಬಾರದಿದ್ರೆ ಅವರವರ ಮನೆಗೆ ಹೋಗಿ ಕೇಳ್ತೇನೆ."

"ನನ್ನ ಮೇಲೂ ಅವರಿಗೆ ಸಿಟ್ಟಿರಬಹುದು" ಎಂದೆ.

"ಇರ್ಲಿ. ಸಿಟ್ಟಲ್ಲೇ ಬರ್ಲಿ" ಎಂದು ಅವರು ಗೇಟು ಎಳೆದುಕೊಂಡು ಹೋದರು.